ರಿಪೋರ್ಟು ಬಂದ ರಾತ್ರಿ

ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆ 1973ರಿಂದ ರಾಜ್ಯದ ಮೂಲೆಮೂಲೆಯ ಕ್ಯಾನ್ಸರ್ ರೋಗಿಗಳು ಬಂದು ಸೇರುವ ಜಾಗ. ಅದೇ ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ದಾಟಿದರೆ ಬೊಮ್ಮಸಂದ್ರದಲ್ಲಿ ಮಜುಂದಾರ್ ಷಾ ಕ್ಯಾನ್ಸರ್ ಕೇಂದ್ರ. ಇವೆರಡರ ನಡುವಿನ ಕಂಪನಿಗಳಲ್ಲಿ ದುಡಿಯುವವರ ಮನೆಯಲ್ಲಿ ಯಾರಿಗಾದರೂ ಗಂಟು ಕಾಣಿಸಿದರೆ, ಸ್ಕ್ಯಾನಿಂಗ್ ರಿಪೋರ್ಟು ಸಂಜೆಯೇ ಮೊಬೈಲಿಗೆ ಬಂದು ಬೀಳುತ್ತದೆ. ಡಾಕ್ಟರು ಸಿಗುವುದು ನಾಡಿದ್ದು. ಚಾಟ್‌ಬಾಟ್‌ಗೆ ಕೆಲಸ ಬೀಳುವುದು ನಡುವಿನ ಆ ರಾತ್ರಿಗಳಲ್ಲಿ. ಈ ಸಭೆಯಲ್ಲಿ ಕುಳಿತವರಲ್ಲೂ ಕೆಲವರು ಕೇಳಿ ನೋಡಿರಬಹುದು.

ಮ್ಯಾಮೊಗ್ರಾಂ ರಿಪೋರ್ಟಿನ ಕೊನೆಗೆ ‘ಬೈರಾಡ್ಸ್ 4’ ಎಂದಿದೆ ಎನ್ನಿ. ನಾಲ್ಕು ಕಂಡೊಡನೆ ಮನೆಯವರ ಎದೆ ಧಸಕ್ಕೆನ್ನುತ್ತದೆ: ನಾಲ್ಕನೇ ಸ್ಟೇಜಾ? ಅಲ್ಲ. ಅನುಮಾನವಿದೆ, ಬಯಾಪ್ಸಿ ಮಾಡಿಸಿ ಎಂದಷ್ಟೇ ಅದರ ಅರ್ಥ. ಬಯಾಪ್ಸಿ ಎಂದರೆ ಮತ್ತೊಂದು ಭಯ, ಸೂಜಿ ಚುಚ್ಚಿದರೆ ಗಡ್ಡೆ ಹರಡೀತೆಂದು. ಇಂಥ ತಪ್ಪು ನಂಬಿಕೆಗಳ ಕುರಿತ ಪ್ರಶ್ನೆಗಳನ್ನು ಅಮೆರಿಕದ ಸಂಶೋಧಕರು ಚಾಟ್‌ಜಿಪಿಟಿಗೆ ಕೇಳಿ, ಅಲ್ಲಿನ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಉತ್ತರಗಳ ಪಕ್ಕದಲ್ಲಿಟ್ಟು 2023ರಲ್ಲಿ ಅಳೆದರು. ಸಂಸ್ಥೆಗೆ ನೂರಕ್ಕೆ ನೂರು, ಯಂತ್ರಕ್ಕೆ ಸುಮಾರು 97. ಶಹಭಾಸ್ ಎನ್ನಲೇಬೇಕು.

ಚಿಕಿತ್ಸೆಯ ಮಾತು ಬಂದಾಗ ಕಥೆ ಬೇರೆ. ಅದೇ ವರ್ಷ ಬಾಸ್ಟನ್ನಿನ ಬ್ರಿಗ್‌ಹ್ಯಾಮ್ ಆಸ್ಪತ್ರೆಯ ವೈದ್ಯರು ಚಾಟ್‌ಜಿಪಿಟಿಯ ಆಗಿನ ಆವೃತ್ತಿಗೆ 104 ಪ್ರಶ್ನೆ ಹಾಕಿದರು. ನೂರಕ್ಕೆ 98 ಪ್ರಶ್ನೆಗಳಿಗೆ ಅದು ಚಿಕಿತ್ಸೆ ಸೂಚಿಸಿತು, ಆ ಎಲ್ಲ ಉತ್ತರಗಳಲ್ಲೂ ಒಂದಾದರೂ ಸರಿಯಾದ ಚಿಕಿತ್ಸೆಯಿತ್ತು. ಆದರೆ ಅವುಗಳಲ್ಲಿ ಮೂರರಲ್ಲೊಂದು ಪಾಲು ಉತ್ತರಗಳಲ್ಲಿ ತಜ್ಞರ ಮಾರ್ಗಸೂಚಿಗೆ ಹೊಂದದ ಒಂದಾದರೂ ಸಲಹೆ ಸೇರಿಕೊಂಡಿತ್ತು. ಎರಡೂ ಅಂಕಿಗಳನ್ನು ಕೂಡಿಸಿ ಓದಿದಾಗಲೇ ಅಪಾಯ ಕಾಣುವುದು. ಪೂರ್ತಿ ತಪ್ಪು ಹೇಳುವವನನ್ನು ಯಾರೂ ನಂಬುವುದಿಲ್ಲ. ಅಕ್ಕಿಯಲ್ಲಿ ಸೇರಿದ ಬಿಳಿಕಲ್ಲು ಹಲ್ಲಿಗೆ ಸಿಕ್ಕಾಗಲೇ ಗೊತ್ತಾಗುವುದು. ಅಂಕ ಹಾಕಲು ಕುಳಿತ ಮೂವರು ಕ್ಯಾನ್ಸರ್ ತಜ್ಞರೂ ಒಮ್ಮತಕ್ಕೆ ಬಂದದ್ದು ನೂರರಲ್ಲಿ 62 ಸಲ ಮಾತ್ರ. ಆ ಆವೃತ್ತಿ ಈಗ ಹಳತು, ನಿಜ. ಆದರೆ ತಜ್ಞರೇ ಎಡವುವ ಕಡೆ ರೋಗಿಯ ಮಗಳು ಕಲ್ಲು ಆರಿಸುವುದು ಹೇಗೆ?

ಭಾಷೆಯ ತೊಡಕು ಬೇರೆ. ನಮ್ಮ ವಾರ್ಡುಗಳಲ್ಲಿ ರೇಡಿಯೇಷನ್ನಿಗೆ ‘ಕರೆಂಟು ಕೊಡೋದು’ ಎನ್ನುವವರಿದ್ದಾರೆ. ಪೀಣ್ಯದ ಕಾರ್ಮಿಕನೊಬ್ಬ ಆ ಮಾತನ್ನೇ ಟೈಪಿಸಿದರೆ ಯಂತ್ರ ಯಾವ ಕರೆಂಟು ಎಂದುಕೊಳ್ಳಬೇಕು?

ತಪ್ಪು ಸಲಹೆ, ಭಾಷೆ ಎರಡರ ತೊಡಕಿಗೂ ಒಂದು ದಾರಿಯನ್ನು ವೈಟ್‌ಫೀಲ್ಡ್ ಕಡೆಯಲ್ಲೇ ಹುಡುಕಿದ್ದಾರೆ, ಕ್ಯಾನ್ಸರಿಗಲ್ಲ, ಕಣ್ಣಿನ ಪೊರೆಗೆ. ಕುಂದಲಹಳ್ಳಿ ಗೇಟಿನ ಶಂಕರ ಕಣ್ಣಿನ ಆಸ್ಪತ್ರೆ ಮತ್ತು ಮೈಕ್ರೋಸಾಫ್ಟ್ ರಿಸರ್ಚ್ ಸೇರಿ ಕಟ್ಟಿದ ‘ಕ್ಯಾಟರಾಕ್ಟ್‌ಬಾಟ್’ ವಾಟ್ಸಾಪಿನಲ್ಲಿ ಕನ್ನಡದಲ್ಲೂ ಉತ್ತರಿಸುತ್ತದೆ. ಟೈಪ್ ಮಾಡಲು ಬಾರದವರು ಬಾಯಲ್ಲೇ ಕೇಳಬಹುದು. ವೈದ್ಯರು ಒಪ್ಪಿದ ಮಾಹಿತಿಯಿಂದಷ್ಟೇ ಅದು ಉತ್ತರ ಹೆಕ್ಕುತ್ತದೆ. ಉತ್ತರ ಕೂಡಲೇ ಬರುತ್ತದೆ, ಜೊತೆಗೆ ಡಾಕ್ಟರಿಗೂ ಹೋಗುತ್ತದೆ. ಅವರು ಸರಿ ಎಂದರೆ ರೋಗಿಗೆ ಹಾಗೆಂದು ತಿಳಿಯುತ್ತದೆ. ತಿದ್ದಿದರೆ ತಿದ್ದಿದ ಉತ್ತರ ತಲುಪುತ್ತದೆ. ಆಸ್ಪತ್ರೆಗೆ ಎಷ್ಟು ಗಂಟೆಗೆ ಬರಬೇಕು ಎಂಬಂಥ ಪ್ರಶ್ನೆಗಳನ್ನು ಸಂಯೋಜಕರು ನೋಡಿಕೊಳ್ಳುತ್ತಾರೆ. ಮೊದಲ ಪ್ರಯೋಗದಲ್ಲಿದ್ದದ್ದು 49 ರೋಗಿಗಳು ಮತ್ತು ಜೊತೆಗಾರರು, ನಾಲ್ವರು ವೈದ್ಯರು, ಇಬ್ಬರು ಸಂಯೋಜಕರು.

ಪೊರೆಯದ್ದು ಹೆಚ್ಚುಕಡಿಮೆ ಎಲ್ಲರಿಗೂ ಒಂದೇ ಬಗೆಯ ಆಪರೇಷನ್. ಕ್ಯಾನ್ಸರಿನಲ್ಲಿ ಸರ್ಜನ್, ಕೀಮೋ ಕೊಡುವವರು, ರೇಡಿಯೇಷನ್ ತಜ್ಞರು, ಪೆಥಾಲಜಿಸ್ಟ್ ಒಟ್ಟಿಗೆ ಕುಳಿತು ಒಬ್ಬೊಬ್ಬರ ವಿಷಯವನ್ನೂ ಬೇರೆಬೇರೆಯಾಗಿ ತೀರ್ಮಾನಿಸಬೇಕಾಗುತ್ತದೆ. ಕ್ಯಾನ್ಸರಿಗೂ ಅಂಥ ಬಾಟ್ ಬಂದರೆ ಅದರ ಉತ್ತರಕ್ಕೆ ಸಹಿ ಹಾಕುವವರು ಇವರಲ್ಲಿ ಯಾರು ಎಂಬುದು ಮೊದಲು ಗೊತ್ತಾಗಬೇಕು. ಒಪಿಡಿಯ ಸಾಲು ಮುಗಿಸಿ ಎದ್ದ ಡಾಕ್ಟರಿಗೇ ಈ ಕೆಲಸವನ್ನೂ ಹೊರಿಸುವುದಾದರೆ, ಅದಕ್ಕೆ ಡ್ಯೂಟಿಯಲ್ಲೇ ಒಂದಿಷ್ಟು ಗಂಟೆ ತೆಗೆದಿಡಬೇಕಾಗುತ್ತದೆ.