ಸರಪಳಿಗಿಂತ ಮೊದಲು ಕೊಂಡಿ: ಕೊಲೆ ಮೊಕದ್ದಮೆಗಳಲ್ಲಿ ಸಾಂದರ್ಭಿಕ ಸಾಕ್ಷ್ಯ

ಕಣ್ಣಾರೆ ಕಂಡವರಿಲ್ಲದ ಕೊಲೆಯ ಮೊಕದ್ದಮೆಯಲ್ಲಿ ಅಭಿಯೋಜನೆಗೆ ಉಳಿಯುವ ಆಧಾರ ಸಾಂದರ್ಭಿಕ ಸಾಕ್ಷ್ಯ. ಅಂದರೆ ಕೃತ್ಯವನ್ನು ನೇರವಾಗಿ ಹೇಳದೆ ಅದರ ಹಿಂದುಮುಂದಿನ ಸಂಗತಿಗಳನ್ನು ಮುಂದಿಟ್ಟು, ಅವುಗಳಿಂದ ಕೃತ್ಯವನ್ನೂ ಕರ್ತೃವನ್ನೂ ತರ್ಕಿಸಿ ತಿಳಿಯಲು ನ್ಯಾಯಾಲಯಕ್ಕೆ ಎಡೆಮಾಡಿಕೊಡುವ ಸಾಕ್ಷ್ಯ. ಈ ವಿಷಯದಲ್ಲಿ ಇಂದಿಗೂ ಮೊದಲು ಉಲ್ಲೇಖಗೊಳ್ಳುವ 1952ರ ಹನುಮಂತ ಪ್ರಕರಣ ಕೊಲೆಗೆ ಸಂಬಂಧಿಸಿದ್ದೇ ಅಲ್ಲ, ಟೆಂಡರಿನ ಸುತ್ತ ಹುಟ್ಟಿದ ಕಾಗದಪತ್ರಗಳ ಖೋಟಾ ಸೃಷ್ಟಿಯದು ಎಂಬುದನ್ನು ಅದನ್ನು ಉದ್ಧರಿಸುವವರಲ್ಲಿ ಹಲವರು ಗಮನಿಸಿರುವುದಿಲ್ಲ.

1984ರ ಶರದ್ ಬಿರ್ಧಿಚಂದ್ ಸಾರ್ಡಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಐದು ಸೂತ್ರಗಳನ್ನು ಒಂದೆಡೆ ತಂದಿತು. ಸಂಗತಿಗಳು ಆರೋಪಿಯ ಅಪರಾಧವನ್ನಷ್ಟೇ ಸೂಚಿಸಬೇಕು, ನಿರ್ಣಾಯಕವಾಗಿರಬೇಕು, ಬೇರಾವ ಊಹೆಗೂ ಆಸ್ಪದವಿರಬಾರದು, ಸರಪಳಿ ಎಲ್ಲಿಯೂ ಕಡಿದಿರಬಾರದು ಎಂಬ ನಾಲ್ಕು ಸೂತ್ರಗಳು ತರ್ಕಕ್ಕೆ ಸೇರಿದವು. ಪ್ರತಿಯೊಂದು ಸಂಗತಿಯೂ ಮೊದಲು ತಾನಾಗಿ ಪೂರ್ಣವಾಗಿ ಸಾಬೀತಾಗಿರಬೇಕು ಎಂಬ ಮೊದಲನೆಯದು ಮಾತ್ರ ಪುರಾವೆಗೆ ಸೇರಿದ್ದು. ಸರಪಳಿಯ ಚರ್ಚೆಯಲ್ಲಿ ಮರೆಯಾಗುವುದೂ ಅದೇ. ಈ ವಿಚಾರ ಸಂಕಿರಣದ ಆಶಯ ಅದರತ್ತ ಗಮನವನ್ನು ಹಿಂದಿರುಗಿಸುವುದಾಗಿದೆ.

ಆಯುಧದ ಜಪ್ತಿಯನ್ನೇ ನೋಡಬಹುದು. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಾಗದಿದ್ದರೂ, ಅಭಿರಕ್ಷೆಯಲ್ಲಿರುವ ಆರೋಪಿಯ ಮಾಹಿತಿಯಿಂದ ವಸ್ತುವೊಂದು ಪತ್ತೆಯಾದರೆ ಆ ಪತ್ತೆಗೆ ಸ್ಪಷ್ಟವಾಗಿ ಸಂಬಂಧಿಸಿದಷ್ಟು ಮಾತು ಸ್ವೀಕಾರಾರ್ಹವೆಂಬ ಹಳೆಯ 27ನೆಯ ಕಲಮು ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೆಯ ಕಲಮಿನ ಪರಂತುಕದಲ್ಲಿದೆ. ಪುಲುಕುರಿ ಕೊಟ್ಟಯ್ಯ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಹಾಕಿದ ಗೆರೆಯಂತೆ, ‘ಮಚ್ಚನ್ನು ಹಿತ್ತಲ ಬಣವೆಯಲ್ಲಿ ಬಚ್ಚಿಟ್ಟಿದ್ದೇನೆ, ತೋರಿಸುತ್ತೇನೆ’ ಎಂಬುದು ಒಳಗೆ ಬರುತ್ತದೆ, ‘ಅದರಿಂದಲೇ ಕೊಂದೆ’ ಎಂಬುದು ಹೊರಗುಳಿಯುತ್ತದೆ. ಹೀಗೆ ಒಳಬಂದ ಮಾತು ಕೂಡ ಮಚ್ಚು ಅಲ್ಲಿದ್ದುದು ಆರೋಪಿಗೆ ಗೊತ್ತಿತ್ತು ಎಂಬಷ್ಟನ್ನೇ ಹೇಳುತ್ತದೆ. ಅದು ಕೊಲೆಯ ಆಯುಧವೆಂಬುದನ್ನು ರಕ್ತದ ಪರೀಕ್ಷೆ, ಗಾಯದ ಬಗ್ಗೆ ವೈದ್ಯರ ಅಭಿಪ್ರಾಯ, ಮೊಹರು ಮಾಡಿದ ಮುದ್ದೆಮಾಲು ಠಾಣೆಯಿಂದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಒಡೆಯದೆ ತಲುಪಿದ ದಾಖಲೆ ಇವು ಹೇಳಬೇಕು. ಪಂಚರು ಪಾಟೀಸವಾಲಿನಲ್ಲಿ ಮಹಜರಿಗೆ ಠಾಣೆಯಲ್ಲೇ ಕುಳಿತು ಸಹಿ ಹಾಕಿದ್ದಾಗಿ ಒಪ್ಪಿಕೊಂಡರೆ, ಅಥವಾ ಆ ಬಣವೆ ಊರವರೆಲ್ಲ ಓಡಾಡುವ ಬಯಲಿನಲ್ಲಿದ್ದರೆ, ಕೊಂಡಿ ಅಲ್ಲಿಯೇ ಸಡಿಲವಾಗುತ್ತದೆ.

ಇದಕ್ಕೆ ಪ್ರತಿಯಾಗಿ, 2008ರಲ್ಲಿ ಸರ್ವೋಚ್ಚ ನ್ಯಾಯಾಲಯ ಶಿಕ್ಷೆಯ ಪ್ರಮಾಣವನ್ನು ತೀರ್ಮಾನಿಸಿದ ಬೆಂಗಳೂರಿನ ಸ್ವಾಮಿ ಶ್ರದ್ಧಾನಂದ ಪ್ರಕರಣದಲ್ಲಿ, 1991ರಲ್ಲಿ ಕಾಣೆಯಾದ ಪತ್ನಿಯ ಅವಶೇಷಗಳು ಸುಮಾರು ಮೂರು ವರ್ಷಗಳ ನಂತರ ಆತನೇ ತೋರಿಸಿದ ಜಾಗದಲ್ಲಿ, ದಂಪತಿ ವಾಸವಿದ್ದ ಮನೆಯ ಆವರಣದಲ್ಲೇ ದೊರೆತವು. ಅನ್ಯರು ಸುಲಭವಾಗಿ ತಲುಪಲಾಗದ ಸ್ಥಳವಾದುದರಿಂದ ಆ ಪತ್ತೆಯ ತೂಕವೇ ಬೇರೆ.

‘ಕೊನೆಯದಾಗಿ ಜೊತೆಯಲ್ಲಿ ಕಂಡದ್ದು’ ಎಂಬ ಸಂಗತಿ ಕಂಡ ಹೊತ್ತಿಗೂ ಸಾವಿನ ಹೊತ್ತಿಗೂ ನಡುವೆ ಮೂರನೆಯವರು ಪ್ರವೇಶಿಸಲಾಗದಷ್ಟು ಕಿರಿದಾದ ಅಂತರವಿದ್ದಾಗಲೇ ಬೆಲೆಯುಳ್ಳದ್ದು. ಆರೋಪಿಗೆ ಮಾತ್ರ ತಿಳಿದಿರಬಹುದಾದುದನ್ನು ಆತನೇ ವಿವರಿಸಬೇಕೆನ್ನುವ ಸಾಕ್ಷ್ಯ ಅಧಿನಿಯಮದ 109ನೆಯ ಕಲಮು, ಅಭಿಯೋಜನೆ ತನ್ನ ಹೊರೆಯನ್ನು ಇಳಿಸಿದ ಮೇಲಷ್ಟೇ ಕೆಲಸಕ್ಕೆ ಬರುತ್ತದೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 105ನೆಯ ಕಲಮು ಶೋಧ ಮತ್ತು ಜಪ್ತಿಯ ಧ್ವನಿ-ದೃಶ್ಯ ಮುದ್ರಣವನ್ನು ಕಡ್ಡಾಯಗೊಳಿಸಿರುವುದು ಸ್ವಾಗತಾರ್ಹ. ಆದರೆ ಬಣವೆಯಿಂದ ಮಚ್ಚು ಹೊರಬರುವುದನ್ನು ತೋರಿಸುವ ವಿಡಿಯೊ, ಅದಕ್ಕೂ ಮುನ್ನ ಅದನ್ನು ಅಲ್ಲಿ ಇಟ್ಟವರು ಯಾರೆಂಬುದನ್ನು ತೋರಿಸಲಾರದು. ಸ್ವಇಚ್ಛಾ ಹೇಳಿಕೆ ಎಂಬ ತಲೆಬರಹದ ಕೆಳಗೆ ಬರೆದುಕೊಂಡ ಮಾತುಗಳು ಎಷ್ಟರಮಟ್ಟಿಗೆ ಸ್ವಇಚ್ಛೆಯವು ಎಂಬ ಪ್ರಶ್ನೆ ಕೂಡ ಪಾಟೀಸವಾಲಿಗೇ ಉಳಿಯುತ್ತದೆ.