ನಿಷ್ಠೆ ಯಾರಿಗೆ, ದೃಢತೆ ಯಾವುದರಲ್ಲಿ?
(ಶತಮಾನೋತ್ಸವದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನೂರು ವರ್ಷ ಬಾಳಿದ ದೇವಾಲಯದ ಅಂಗಳದಲ್ಲಿ ನೆರೆದಾಗ ನಮ್ಮ ನಾಲಗೆಗೆ ತಾನಾಗಿ ಬರುವ ಮಾತುಗಳು ನಿಷ್ಠೆ ಮತ್ತು ದೃಢತೆ. ಇಂಗ್ಲಿಷ್ ಶಾಲೆಗಳಲ್ಲಿ ಕಲಿಯುತ್ತಿರುವ ನಮ್ಮ ಮಕ್ಕಳು ಈ ಭಾವಗಳಿಗೆ ಲಾಯಲ್, ಫೇತ್‌ಫುಲ್, ಸ್ಟೆಡ್‌ಫಾಸ್ಟ್, ಕಾನ್‌ಸ್ಟಂಟ್, ಸ್ಟಾಂಚ್, ಫರ್ಮ್ ಎಂದು ಹಲವು ಶಬ್ದಗಳನ್ನು ಬಾಯಿಪಾಠ ಮಾಡುತ್ತಾರೆ. ಅವುಗಳ ಅರ್ಥ ಕೇಳಿದರೆ ‘ನಿಷ್ಠೆಯುಳ್ಳ’, ‘ದೃಢವಾದ’ ಎಂಬ ಎರಡೇ ಮಾತಿನಲ್ಲಿ ಎಲ್ಲವನ್ನೂ ಮುಗಿಸಿಬಿಡುತ್ತಾರೆ. ಆದರೆ ಒಂದೊಂದು ಶಬ್ದವೂ ಒಂದೊಂದು ಬಗೆಯ ಬಂಧನವನ್ನು ಸೂಚಿಸುತ್ತದೆ. ಅವುಗಳ ಭೇದವನ್ನರಿಯದೆ ಬಳಸಿದಾಗ ಸಂಸಾರದಲ್ಲಿಯೂ ಸಮಾಜದಲ್ಲಿಯೂ ಅನ್ಯಾಯಗಳು ನಡೆದುಹೋಗುತ್ತವೆ. ಆದಕಾರಣ ಈ ಶಬ್ದಗಳ ಕುರಿತು ನಾಲ್ಕು ಮಾತುಗಳನ್ನು ತಮ್ಮ ಮುಂದಿಡಲು ನಾವು ಬಯಸುತ್ತೇವೆ.

ಮೊದಲನೆಯದು ‘ಲಾಯಲ್’. ಲ್ಯಾಟಿನ್ನಿನಲ್ಲಿ ‘ಲೆಕ್ಸ್’ ಎಂದರೆ ಕಾನೂನು. ಅದರಿಂದ ಹುಟ್ಟಿದ ‘ಲೆಗಾಲಿಸ್’ ಎಂಬ ಪದವೇ ಫ್ರೆಂಚರ ಬಾಯಲ್ಲಿ ಸವೆದು ಲಾಯಲ್ ಆಯಿತು. ಅರಸನಿಗೂ ಪ್ರಜೆಗೂ, ಒಡೆಯನಿಗೂ ಆಳಿಗೂ ನಡುವಣ ಕಟ್ಟುಪಾಡು ಇದರ ತಿರುಳು. ನಮ್ಮ ಹಳಗನ್ನಡದಲ್ಲಿ ಇದಕ್ಕೆ ಜೋಳವಾಳಿ, ಲೆಂಕವಾಳಿ, ವೇಳೆವಾಳಿ ಎಂಬ ಸೊಗಸಾದ ಮಾತುಗಳಿದ್ದವು. ಜೋಳವಾಳಿ ಎಂದರೆ ಉಂಡ ಅನ್ನದ ಋಣವನ್ನು ತೀರಿಸುವ ಧರ್ಮ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನು 1220ರಲ್ಲಿ ತೀರಿಕೊಂಡನು. ಅವನಿಗೆ ಬದ್ಧನಾಗಿದ್ದ ಕುವರ ಲಕ್ಷ್ಮನು ಪತ್ನಿ ಸುಗ್ಗಲದೇವಿಯೊಡನೆ, ತನ್ನ ವೀರರೊಡನೆ ಪ್ರಾಣವನ್ನರ್ಪಿಸಿದ ವೃತ್ತಾಂತವನ್ನು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಕಂಬವು ಇಂದಿಗೂ ಸಾರುತ್ತಿದೆ. ಓದಿದವರಿಗೆ ಮೈ ಜುಮ್ಮೆನ್ನುತ್ತದೆ. ಜೊತೆಗೆ ಒಂದು ಪ್ರಶ್ನೆಯೂ ಏಳುತ್ತದೆ: ಒಡೆಯನಿಗಾಗಿ ಇಷ್ಟನ್ನೂ ಕೊಡಬಹುದೇ?

ಪಂಪನ ಕಾವ್ಯದ ಕರ್ಣನೂ ಇದೇ ಪ್ರಶ್ನೆಯನ್ನು ಕೆಣಕುತ್ತಾನೆ. ತಾನು ಕುಂತಿಯ ಮಗನೆಂದು ತಿಳಿದ ಮೇಲೆಯೂ ಅವನು ದುರ್ಯೋಧನನನ್ನು ಬಿಡಲಿಲ್ಲ. ಅವನ ಋಣಪ್ರಜ್ಞೆಗೆ ನಾವು ತಲೆಬಾಗುತ್ತೇವೆ. ಅವನು ಹಿಡಿದ ಪಕ್ಷಕ್ಕೆ ತಲೆಬಾಗಲಾರೆವು. ಲಾಯಲ್ ಎಂಬ ಶಬ್ದದ ಹಿರಿಮೆಯೂ ಕೊರತೆಯೂ ಇಲ್ಲಿಯೇ ಇದೆ. ಯಾರ ಅನ್ನವೆಂದು ಅದು ನೋಡುತ್ತದೆ, ಯಾವ ಕಾರ್ಯವೆಂದು ನೋಡುವುದಿಲ್ಲ.

‘ಫೇತ್‌ಫುಲ್’ ಹಾಗಲ್ಲ. ಇದರ ಮೂಲ ಲ್ಯಾಟಿನ್ನಿನ ‘ಫಿದೆಸ್’. ನಂಬುವುದು, ನಂಬಿಕೆಗೆ ತಕ್ಕಂತೆ ನಡೆದುಕೊಳ್ಳುವುದು, ಎರಡೂ ಆ ಒಂದೇ ಪದದಲ್ಲಿ ಅಡಗಿವೆ. ಧರ್ಮಸಭೆ ತನ್ನ ಮಕ್ಕಳನ್ನು ಲ್ಯಾಟಿನ್ನಿನಲ್ಲಿ ‘ಫಿದೇಲೆಸ್’ ಎಂದು ಕರೆಯಿತು. ಕನ್ನಡದಲ್ಲಿ ನಾವು ವಿಶ್ವಾಸಿಗಳೆನಿಸಿಕೊಂಡೆವು. ವಿಶ್ವಾಸವೆಂಬುದು ಸಂಸ್ಕೃತದ ‘ಶ್ವಸ್’ ಧಾತುವಿನಿಂದ, ಅಂದರೆ ಉಸಿರಾಡು ಎಂಬ ಅರ್ಥದ ಧಾತುವಿನಿಂದ ಬಂದದ್ದು. ಯಾರ ಬಳಿಯಲ್ಲಿ ಭಯವಿಲ್ಲದೆ ಉಸಿರಾಡಬಹುದೋ ಅವರಲ್ಲಿ ನಮಗೆ ವಿಶ್ವಾಸ. ಎಂತಹ ಅರ್ಥವತ್ತಾದ ಮಾತು! ಭಯವಿರುವಲ್ಲಿ ವಿಧೇಯತೆ ಇರಬಹುದು, ವಿಶ್ವಾಸವಿರಲಾರದು.

ಈ ಎರಡು ಶಬ್ದಗಳ ಅಂತರವನ್ನು ತಿಳಿಯಲು ಸಂತ ತೋಮಸ್ ಮೋರರನ್ನು ನೆನೆದರೆ ಸಾಕು. ಇಂಗ್ಲೆಂಡಿನ ಎಂಟನೆಯ ಹೆನ್ರಿಯ ಆಸ್ಥಾನದಲ್ಲಿ ಚಾನ್ಸಲರ್ ಪದವಿಯಲ್ಲಿದ್ದ ಇವರು ಅರಸನ ದ್ವೇಷಿಯಾಗಿರಲಿಲ್ಲ. ಆದರೆ ಆತ್ಮಸಾಕ್ಷಿ ಒಪ್ಪದ ಪ್ರಮಾಣವಚನವನ್ನು ಸ್ವೀಕರಿಸಲಾರದೆ 1535ರ ಜುಲೈ 6ರಂದು ಶಿರಚ್ಛೇದಕ್ಕೆ ಕೊರಳೊಡ್ಡಿದರು. ಕಾನೂನು ಅವರನ್ನು ರಾಜದ್ರೋಹಿ ಎಂದಿತು. ನಾಲ್ಕು ಶತಮಾನಗಳ ಬಳಿಕ, 1935ರಲ್ಲಿ, ಧರ್ಮಸಭೆ ಅವರನ್ನು ಸಂತರೆಂದು ಸಾರಿತು. ಲಾಯಲ್ ಎಂಬ ಬಿರುದನ್ನು ಕಳೆದುಕೊಂಡು ಫೇತ್‌ಫುಲ್ ಆಗಿ ಉಳಿದವರು ಅವರು.

ಇನ್ನು ದೃಢತೆಯ ಬಳಗ. ‘ಸ್ಟೆಡ್‌ಫಾಸ್ಟ್’ ಎಂದರೆ ನಿಂತ ನೆಲೆಯಿಂದ ಕದಲದಿರುವುದು. ‘ಕಾನ್‌ಸ್ಟಂಟ್’ ಎಂದರೆ ಕಾಲ ಎಷ್ಟು ಉರುಳಿದರೂ ಮಾರ್ಪಡದಿರುವುದು. ಇವೆರಡರ ಒಡಲಲ್ಲಿಯೂ ‘ನಿಲ್ಲು’ ಎಂಬ ಅರ್ಥದ ಪುರಾತನ ಧಾತುವಿದೆ. ನಮ್ಮ ಸ್ಥಿರ, ಸ್ಥೈರ್ಯ, ನಿಷ್ಠೆ ಎಂಬ ಮಾತುಗಳೂ ಅದೇ ಧಾತುವಿನ ಕುಡಿಗಳು. ದೊಡ್ಡಬಳ್ಳಾಪುರದ ನೇಕಾರ ಬಂಧುಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಗ್ಗದ ಮೇಲೆ ಹಾಸು ಬಿಗಿಯಾಗಿ ನಿಂತರೆ ಮಾತ್ರ ಲಾಳಿಯೊಡನೆ ಓಡಾಡುವ ಹೊಕ್ಕು ಬಟ್ಟೆಯಾಗುತ್ತದೆ. ಹಾಸಿನ ಆ ಬಿಗುವೇ ಸ್ಥೈರ್ಯ.

‘ಸ್ಟಾಂಚ್’ ಎಂಬ ಶಬ್ದವನ್ನು ಇಂಗ್ಲಿಷಿನವರು ಮೊದಲು ಹೇಳಿದ್ದು ನೀರು ಒಸರದ ಹಡಗಿಗೆ. ಬಳಿಕ ಅದು ಕಷ್ಟಕಾಲದಲ್ಲಿ ಸೋರಿಹೋಗದ ಸ್ನೇಹಿತನಿಗೆ ಸಂದಿತು. ಹಡಗು ಕಾಣದ ನಮ್ಮ ಸೀಮೆಯಲ್ಲಿ ಕೆರೆಯ ಏರಿಯನ್ನು ಹೀಗೆ ಹೊಗಳಬಹುದು. ಹೊಸಕೋಟೆಯ ದೊಡ್ಡ ಅಮಾನಿಕೆರೆಯಂತಹ ಕೆರೆಗಳನ್ನು ಕಟ್ಟಿದ ಹಿರಿಯರು ಏರಿಯನ್ನು ಗಟ್ಟಿಮಾಡಿದ್ದಲ್ಲದೆ ತೂಬನ್ನೂ ಕೋಡಿಯನ್ನೂ ಇಟ್ಟರು. ಬೆಳೆಗೆ ಬೇಕಾದ ನೀರನ್ನು ತೂಬು ಬಿಡುತ್ತದೆ; ಮಿಗಿಲಾದದ್ದನ್ನು ಕೋಡಿ ಹೊರಗೆ ಹರಿಸುತ್ತದೆ. ಕೋಡಿಯಿಲ್ಲದ ಏರಿ ಎಷ್ಟೇ ಗಟ್ಟಿಯಿದ್ದರೂ ಒಂದು ಮಳೆಗಾಲದಲ್ಲಿ ಒಡೆದು ಊರನ್ನೇ ಕೊಚ್ಚುತ್ತದೆ.

ಹಠವೆಂಬುದು ಇಂತಹ ಕೋಡಿಯಿಲ್ಲದ ಏರಿ. ಇಂಗ್ಲಿಷಿನಲ್ಲಿ ಅದನ್ನು ‘ಆಬ್‌ಸ್ಟಿನೇಟ್’ ಎನ್ನುತ್ತಾರೆ. ದೃಢವ್ರತನೂ ಹಠಮಾರಿಯೂ ಹೊರನೋಟಕ್ಕೆ ಒಂದೇ. ಇಬ್ಬರೂ ಪಟ್ಟು ಬಿಡರು. ದೃಢವ್ರತನು ತನಗಿಂತ ದೊಡ್ಡದಾದ ಸತ್ಯಕ್ಕೆ ಅಂಟಿಕೊಂಡಿರುತ್ತಾನೆ, ಆದುದರಿಂದ ಮತ್ತೊಬ್ಬರ ಮಾತನ್ನು ಕೇಳಬಲ್ಲನು. ಹಠಮಾರಿಯು ತನ್ನ ಮಾತಿಗೇ ಅಂಟಿಕೊಂಡಿರುತ್ತಾನೆ, ಆದುದರಿಂದ ಕೇಳಲಾರನು.

ಬಂಧುಗಳೇ, ಈ ವಿವೇಚನೆ ನಮ್ಮ ಮನೆಗಳಿಗೆ ಬರಬೇಕು. ಮದ್ಯಪಾನ ಮಾಡಿ ಹೊಡೆಯುವ ಗಂಡನನ್ನು ಸಹಿಸಿಕೊಂಡಿರುವ ಹೆಣ್ಣುಮಗಳಿಗೆ ‘ನಿಷ್ಠೆಯಿಂದಿರು ತಾಯಿ’ ಎಂದು ಬುದ್ಧಿ ಹೇಳುವವರು ನಮ್ಮಲ್ಲಿದ್ದಾರೆ. ಪೀಠದ ಮುಂದೆ ವಚನ ಕೊಟ್ಟವರು ಇಬ್ಬರು. ಆ ವಚನವನ್ನು ಮುರಿಯುತ್ತಿರುವವನು ಕೈಯೆತ್ತಿದವನು. ಅವಳು ನೆರವು ಕೇಳಿ ನೆರೆಮನೆಯ ಕದ ತಟ್ಟಿದರೆ ಅದು ವಿಶ್ವಾಸದ್ರೋಹವಾಗದು. ನಿರ್ಭಯವಾಗಿ ಉಸಿರಾಡಲಾಗದ ಮನೆಯಲ್ಲಿ ವಿಶ್ವಾಸ ಎಂಬ ಮಾತನ್ನು ಅವಳೊಬ್ಬಳ ಮೇಲೆಯೇ ಹೊರಿಸುವುದು ನ್ಯಾಯವಲ್ಲ.

ಹಾಗೆಯೇ ಸಂಘದ ಲೆಕ್ಕಪತ್ರ ಕೇಳಿದ ತರುಣನನ್ನು ನಿಷ್ಠೆಯಿಲ್ಲದವನೆಂದು ದೂರುವುದುಂಟು. ಅವನು ವ್ಯಕ್ತಿಗಳಿಗೆ ಲಾಯಲ್ ಆಗಿಲ್ಲದಿರಬಹುದು. ಭಕ್ತಾದಿಗಳ ಕಾಣಿಕೆಗೆ ಫೇತ್‌ಫುಲ್ ಆಗಿದ್ದಾನೆ. ಉದ್ಯೋಗಕ್ಕಾಗಿ ಬೆಂಗಳೂರು ಸೇರಿದ ಮಕ್ಕಳನ್ನು ಊರು ಮರೆತವರೆಂದು ಹಳಿಯುವುದುಂಟು. ಅವರು ನೆಲೆಯನ್ನು ಬದಲಿಸಿರಬಹುದು. ತಂದೆತಾಯಿಯರ ಔಷಧಕ್ಕೆ ತಿಂಗಳು ತಿಂಗಳೂ ಹಣ ಕಳುಹಿಸುವ ಮಗಳು ಸ್ಟೆಡ್‌ಫಾಸ್ಟ್ ಅಲ್ಲವೆಂದರೂ ಕಾನ್‌ಸ್ಟಂಟ್ ಅಲ್ಲವೆನ್ನಲಾಗದು.

ಹಾಗಾದರೆ ದೃಢತೆ ಬರುವುದೆಲ್ಲಿಂದ? ‘ಫರ್ಮ್’ ಎಂಬ ಶಬ್ದದ ಮೂಲವಾದ ‘ಫಿರ್ಮುಸ್’ ನಮ್ಮ ದೃಢೀಕರಣ ಸಂಸ್ಕಾರದ ಇಂಗ್ಲಿಷ್ ಹೆಸರಾದ ಕನ್‌ಫರ್ಮೇಷನ್ನಿನಲ್ಲಿದೆ. ಆ ಸಂಸ್ಕಾರದಲ್ಲಿ ಮಗು ತಾನೇ ತಾನಾಗಿ ದೃಢವಾಗುವುದಿಲ್ಲ, ಪವಿತ್ರಾತ್ಮರಿಂದ ದೃಢಗೊಳ್ಳುತ್ತದೆ. ಪಡೆದುಕೊಂಡ ದೃಢತೆಗೆ ಗರ್ವ ಸಲ್ಲದು.

ಕೊನೆಯದಾಗಿ ಒಂದು ಮಾತು. ಈ ನೂರು ವರ್ಷಗಳಲ್ಲಿ ನಮ್ಮ ಪೂಜೆಯ ಭಾಷೆಯೇ ಬದಲಾಯಿತು. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ದೇಶಭಾಷೆಗಳಿಗೆ ಬಾಗಿಲು ತೆರೆದ ಮೇಲೆ ಲ್ಯಾಟಿನ್ನಿದ್ದಲ್ಲಿ ಕನ್ನಡ ಬಂದಿತು. ಆದರೆ ನಮ್ಮ ಅಜ್ಜಂದಿರು ಅಂದು ಹೇಳಿದ, ನಮ್ಮ ಮೊಮ್ಮಕ್ಕಳು ಇಂದು ಹೇಳುವ ಒಂದು ಶಬ್ದ ಬದಲಾಗಲಿಲ್ಲ. ಅದು ‘ಆಮೆನ್’. ಅದರ ಹೀಬ್ರೂ ಮೂಲಕ್ಕೆ ಗಟ್ಟಿಯಾದದ್ದು, ನೆಚ್ಚತಕ್ಕದ್ದು ಎಂಬ ಎರಡು ಅರ್ಥಗಳೂ ಉಂಟು. ನಿಷ್ಠೆ ದೃಢತೆಗಳೆರಡೂ ಅಲ್ಲಿ ಒಂದೇ ಮಾತಾಗಿವೆ. ಯಾರಿಗೆ, ಯಾವುದಕ್ಕೆ ಆಮೆನ್ ಎನ್ನುತ್ತಿದ್ದೇವೆಂದು ಅರಿತು ಹೇಳುವ ವಿವೇಕವು ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ಈ ಧರ್ಮಕೇಂದ್ರದ ಮನೆಮನೆಗೂ ದೊರೆಯಲೆಂದು ಹಾರೈಸುತ್ತೇವೆ.