ಕಡಲ ಹಳೆಯ ಬೆಳೆಯ ಲೆಕ್ಕ



ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಆ ಎರಡು ತಿಂಗಳು ನೀರಿನಡಿಯಲ್ಲಿ ದೊಡ್ಡ ಕೆಲಸವೊಂದು ನಡೆದಿರುತ್ತದೆ. ಆಳದ ತಣ್ಣನೆಯ ನೀರು ಮೇಲೆದ್ದು ಬರುತ್ತದೆ, ಜೊತೆಗೆ ನೈಟ್ರೇಟ್, ಫಾಸ್ಫೇಟ್, ಸಿಲಿಕಾ ಹೊತ್ತು ತರುತ್ತದೆ. ಹೊಲಕ್ಕೆ ಗೊಬ್ಬರ ಬಿದ್ದ ಹಾಗೆ ಡಯಾಟಮ್‌ಗಳೂ ಇತರ ತೇಲುಪಾಚಿಗಳೂ ಹುಲುಸಾಗಿ ಬೆಳೆಯುತ್ತವೆ. ಬೂತಾಯಿ ಮೀನು ಮೈತುಂಬಿಕೊಳ್ಳುವುದು ಈ ಬೆಳೆಯಿಂದಲೇ.

ಈ ವರ್ಷದ ಬೆಳೆಯನ್ನು ಉಪಗ್ರಹ ನೀರಿನ ಬಣ್ಣ ನೋಡಿ ಅಂದಾಜು ಮಾಡುತ್ತದೆ. ಹತ್ತು ಸಾವಿರ ವರ್ಷದ ಹಿಂದಿನ ಬೆಳೆಯನ್ನು ಯಾರಲ್ಲಿ ಕೇಳೋಣ? ಪಾಚಿ ಕೊಳೆತುಹೋಗಿದೆ. ಬಿಸಿಲು ತಾಗುವ ಪದರದಲ್ಲಿ ಹುಟ್ಟಿದ ಆಹಾರದಲ್ಲಿ ಆಳಕಡಲ ತಳ ಮುಟ್ಟುವುದು ಸುಮಾರು ನೂರಕ್ಕೆ ಒಂದು ಪಾಲು. ಮಿಕ್ಕದ್ದು ದಾರಿಯಲ್ಲೇ ತೀರಿಹೋಗುತ್ತದೆ. ಆದರೆ ಅದನ್ನು ತಿಂದು ಬದುಕಿದ ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳ ಸುಣ್ಣದ ಚಿಪ್ಪು ತಳದ ಕೆಸರಿನಲ್ಲಿ ಉಳಿಯುತ್ತದೆ.

ಅವುಗಳಲ್ಲಿ ಒಂದರ ಪರಿಚಯ ಮಾಡಿಕೊಡುತ್ತೇನೆ. ಹೆಸರು ಗ್ಲೋಬಿಜೆರೀನಾ ಬುಲ್ಲಾಯ್ಡಿಸ್. 1826ರಲ್ಲಿ ಫ್ರಾನ್ಸಿನ ದೊರ್ಬಿನಿ ಇಟ್ಟ ಹೆಸರು. ಇದು ಮೂಲತಃ ಚಳಿ ಕಡಲಿನ ಜೀವಿ. ಬೆಚ್ಚನೆಯ ಉಷ್ಣವಲಯದಲ್ಲಿ ದೊಡ್ಡ ಸಂಖ್ಯೆಯಲ್ಲಿ ಕಾಣಿಸುವುದು ಆಳದ ನೀರು ಮೇಲೇಳುವ ಕಡೆ ಮಾತ್ರ. ಒಮಾನ್ ತೀರದಲ್ಲಿ ನೈಋತ್ಯ ಮಾರುತ ದಡಕ್ಕೆ ಸಮಾನಾಂತರವಾಗಿ ಬೀಸುತ್ತದೆ. ಭೂಮಿ ತಿರುಗುವುದರಿಂದಾಗಿ ಮೇಲ್ನೀರು ಗಾಳಿಯ ಬಲಕ್ಕೆ, ಅಂದರೆ ದಡದಿಂದ ದೂರಕ್ಕೆ ಸರಿಯುತ್ತದೆ. ತೆರವಾದ ಜಾಗಕ್ಕೆ ಕೆಳಗಿನ ನೀರು ಏರುತ್ತದೆ, ಬುಲ್ಲಾಯ್ಡಿಸ್ ಹೆಚ್ಚುತ್ತದೆ. ಅರಬ್ಬೀ ಸಮುದ್ರದಲ್ಲಿ ಈ ನಂಟನ್ನು ಪ್ರೆಲ್ ಮತ್ತು ಕರಿ ಎಂಬ ವಿಜ್ಞಾನಿಗಳು 1981ರಲ್ಲಿ ತೋರಿಸಿಕೊಟ್ಟರು.

ಪ್ರಯೋಗಾಲಯದ ಕೆಲಸ ಅಡುಗೆಮನೆಯ ಕೆಲಸದಂತೆಯೇ. ಕೊಳವೆ ಇಳಿಸಿ ಎತ್ತಿದ ಕೆಸರನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಹೋಳು ಮಾಡಿ, ನೀರಿನಲ್ಲಿ ನೆನೆಸಿ, 63 ಮೈಕ್ರಾನ್ ಕಣ್ಣಿನ ಜರಡಿಯ ಮೇಲೆ ಮೆಲ್ಲನೆ ತೊಳೆಯುತ್ತೇವೆ. ಬೂದು ರಾಡಿ ಇಳಿದುಹೋಗುತ್ತದೆ. ಒಣಗಿದ ಮೇಲೆ ಉಳಿಯುವುದು ರಂಗೋಲಿ ಪುಡಿಯಂಥ ಒಂದು ಚಿಟಿಕೆ. ಅದನ್ನು ಕಪ್ಪು ತಟ್ಟೆಗೆ ಉದುರಿಸಿ ಸೂಕ್ಷ್ಮದರ್ಶಕದಡಿ ನೋಡಿದರೆ ಪುಡಿಯೆಲ್ಲ ಚಿಪ್ಪುಗಳಾಗುತ್ತದೆ! ಬುಲ್ಲಾಯ್ಡಿಸ್‌ನ ಗುರುತು ಸುಲಭ: ನಾಲ್ಕು ಗುಂಡನೆಯ ಕೋಣೆಗಳು ಒಂದಕ್ಕೊಂದು ಒತ್ತಿ ಕೂತಿರುತ್ತವೆ, ನಡುವೆ ಕಮಾನಿನಂತೆ ಅಗಲವಾದ ಬಾಯಿ. ಗಾತ್ರ ರಾಗಿಕಾಳಿನ ಕಾಲುಭಾಗದಷ್ಟು. ಕುಂಚದ ತುದಿ ಒದ್ದೆ ಮಾಡಿ ಒಂದೊಂದನ್ನೇ ಎತ್ತಬೇಕು. ಒಂದು ಹೋಳಿಗೆ ಮುನ್ನೂರು ಚಿಪ್ಪಾದರೂ ಎಣಿಸಬೇಕು, ಹೋಳುಗಳು ನೂರಾರು. ಈ ವಿಜ್ಞಾನದ ಅಡಿಪಾಯ ಈ ಎಣಿಕೆಯೇ. ಎಣಿಸಿದವರ ಕಣ್ಣಿಗೆ ನಾನು ಕೈ ಮುಗಿಯುತ್ತೇನೆ.

ಎಣಿಕೆಯಿಂದ ಏನು ಸಿಕ್ಕಿತು? 20,000 ವರ್ಷದ ಹಿಂದೆ, ಹಿಮಯುಗದ ಚಳಿ ಉತ್ತುಂಗದಲ್ಲಿದ್ದಾಗ ಒಮಾನ್ ಬದಿಯಲ್ಲಿ ಬುಲ್ಲಾಯ್ಡಿಸ್ ಕಡಿಮೆ. ಹಿಮಯುಗ ಮುಗಿದ ಮೇಲೆ ಏರಿತು, ಆಮೇಲಿನ ಸಾವಿರಾರು ವರ್ಷಗಳಲ್ಲಿ ನಿಧಾನವಾಗಿ ಇಳಿಯಿತು. ಖರಗ್‌ಪುರ ಐಐಟಿಯ ಅನಿಲ್ ಗುಪ್ತಾ ಮತ್ತು ಸಂಗಡಿಗರು 2003ರಲ್ಲಿ ಇದಕ್ಕೆ ಇನ್ನೂ ಸೂಕ್ಷ್ಮವಾದ ಸಂಗತಿಯೊಂದನ್ನು ಸೇರಿಸಿದರು: ಉತ್ತರ ಅಟ್ಲಾಂಟಿಕ್ ತಣ್ಣಗಾದ ಕಾಲಗಳಲ್ಲಿ ಇಲ್ಲಿ ಮಾರುತದ ಬಲ ಕುಂದಿತ್ತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಇಂಥ ಗೆರೆಚಿತ್ರ ಕಂಡೊಡನೆ ‘ಹಳೆಯ ಮಳೆಯ ದಾಖಲೆ’ ಎಂದು ಬರೆಯುವ ಆತುರ ನಮ್ಮಲ್ಲಿದೆ. ಆ ನೈಋತ್ಯ ಗಾಳಿಯೇ ಆಗುಂಬೆಗೆ ಮಳೆ ತರುತ್ತದೆ, ನಿಜ. ಆದರೆ ಚಿಪ್ಪು ಮಳೆಯನ್ನು ಕಂಡಿಲ್ಲ. ಅದು ಕಂಡದ್ದು ತಣ್ಣನೆಯ ನೀರು ಮತ್ತು ಊಟ. ಇನ್ನೊಂದು, ಶೇಕಡಾವಾರು ಲೆಕ್ಕ ಬೆಳೆಯ ಮೊತ್ತವಲ್ಲ. ಪಕ್ಕದ ಜಾತಿ ಕಡಿಮೆಯಾದರೂ ಇದರ ಪಾಲು ಏರುತ್ತದೆ. ಇದರ ಚಿಪ್ಪು ತೆಳು, ಆಳದಲ್ಲಿ ಕರಗಿಹೋಗುವುದೂ ಉಂಟು. ಕಾಣದ್ದನ್ನು ಹೇಳು ಎಂದು ಸಾಕ್ಷಿಯನ್ನು ಪೀಡಿಸುವುದು ತಪ್ಪು. ಮತ್ತೊಬ್ಬ ಸಾಕ್ಷಿಯನ್ನು ಕರೆಯಬೇಕು.

ಆ ಸಾಕ್ಷಿ ಫ್ಲೋರಿಸ್ಫೇರಾ ಪ್ರೊಫುಂಡಾ ಎಂಬ ಪಾಚಿ. ಅದರ ಸುಣ್ಣದ ಬಿಲ್ಲೆಗಳು ಮಿಲಿಮೀಟರಿನ ಸಾವಿರದ ಕೆಲವೇ ಪಾಲು ಗಾತ್ರದವು. ವಾಸ ನೂರು ಮೀಟರ್‌ಗಿಂತ ಕೆಳಗೆ, ಮಂದ ಬೆಳಕಿನಲ್ಲಿ. ಮೇಲಿನ ಪದರಕ್ಕೆ ಪೋಷಕಾಂಶ ಬಂದರೆ ಅಲ್ಲಿನ ಜಾತಿಗಳು ಹೆಚ್ಚಿ ಇದರ ಪಾಲು ಕುಗ್ಗುತ್ತದೆ. ಮೇಲಿನ ಮಹಡಿಯಲ್ಲಿ ಒಲೆ ಆರಿದರೆ ಕೆಳಗಿನವನ ಪಾಲು ಹಿಗ್ಗುತ್ತದೆ. ಮಾಲ್ಡೀವ್ಸ್ ಬಳಿಯ ಕೆಸರಿನಲ್ಲಿ ಇದನ್ನು ಎಣಿಸಿ ಬೋಫೋರ್ ಎಂಬ ವಿಜ್ಞಾನಿಯ ತಂಡ 1997ರಲ್ಲಿ 9,10,000 ವರ್ಷಗಳ ಬೆಳೆಯ ಲೆಕ್ಕ ಕೊಟ್ಟಿತು. ಸೂರ್ಯನ ಸುತ್ತ ಭೂಮಿಯ ಪಥ ಬದಲಾದ ಲಯದಲ್ಲೇ ಕಡಲ ಬೆಳೆಯೂ ಏರಿಳಿದಿತ್ತು.

ಸಾಕ್ಷಿ ಬದಲಾದರೆ ಕಥೆಯೂ ತಿದ್ದಿಕೊಳ್ಳಬೇಕಾದೀತು. 1987ರಲ್ಲಿ ಒಮಾನ್ ಬದಿಯಲ್ಲಿ ಕೊರೆದ ಕೆಸರಿನ ಬುಲ್ಲಾಯ್ಡಿಸ್ ನೋಡಿ, ಮಾನ್ಸೂನ್ ಬಲಗೊಂಡದ್ದು 86 ಲಕ್ಷ ವರ್ಷದ ಹಿಂದೆ ಎಂದರು. ಮಾಲ್ಡೀವ್ಸ್ ಸುತ್ತಲ ಕಡಲಪ್ರವಾಹಗಳು ಒಟ್ಟಿದ ಹೂಳನ್ನು ಓದಿದ ತಂಡ 2016ರಲ್ಲಿ ಅದನ್ನು 1 ಕೋಟಿ 29 ಲಕ್ಷ ವರ್ಷಕ್ಕೆ ಹಿಂದೂಡಿತು.

ನನಗೆ ಎಲ್ಲಕ್ಕಿಂತ ಹತ್ತಿರದ್ದು ನಮ್ಮ ಬದಿಯ ಕಥೆ. ಹಿಮಯುಗದಲ್ಲಿ ಒಮಾನ್ ಬದಿ ಬಡವಾಗಿದ್ದಾಗ, ಭಾರತದ ಬದಿಯ ಹಲವು ಕೆಸರುಗಳು ಹೆಚ್ಚಿನ ಬೆಳೆಯನ್ನು ತೋರಿಸುತ್ತವೆ. ಬಲವಾದ ಈಶಾನ್ಯ ಚಳಿಗಾಳಿ ಮೇಲ್ನೀರನ್ನು ತಣ್ಣಗಾಗಿಸಿ, ಕಲಕಿ, ಕೆಳಗಿನ ಗೊಬ್ಬರವನ್ನು ಎತ್ತಿಕೊಟ್ಟಿತು ಎಂಬುದು ವಿವರಣೆ. ಒಂದೇ ಕಡಲು, ಒಂದೇ ಕಾಲ. ಒಂದು ದಡಕ್ಕೆ ಬರ, ಇನ್ನೊಂದಕ್ಕೆ ಸುಗ್ಗಿ.

ಸಭಾಂಗಣದ ಹಿಂದಿನ ಕೋಣೆಯಲ್ಲಿ ಸೂಕ್ಷ್ಮದರ್ಶಕ ಇಟ್ಟಿದ್ದೇವೆ. ತಟ್ಟೆಯ ಮೂರನೆಯ ಸಾಲಿನಲ್ಲಿರುವುದೆಲ್ಲ ಬುಲ್ಲಾಯ್ಡಿಸ್. ವಿದ್ಯಾರ್ಥಿಗಳು ಮೊದಲು ಬರಲಿ. ಉಸಿರು ತಾಗಿದರೂ ಅವು ಹಾರಿಹೋಗುತ್ತವೆ. ಸ್ವಲ್ಪ ಉಸಿರು ಬಿಗಿಹಿಡಿದು ನೋಡಿ.